ಹೊಸಕೋಟೆಯ ನೀಲಗಿರಿ ಮತ್ತು ನಮ್ಮ ಕಾಗದದ ಲೆಕ್ಕ
ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ರಾಗಿ ಹೊಲಗಳ ನಡುವೆ ಇಷ್ಟೊಂದು ನೀಲಗಿರಿ ತೋಪು ಯಾಕೆ? ಉತ್ತರ ಹುಡುಕಲು ಕಾರ್ಖಾನೆಗಳತ್ತ ನೋಡಬೇಕು. 1936ರಲ್ಲಿ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್, 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಹುಟ್ಟಿದವು. ದಾಂಡೇಲಿಗೆ ಸರ್ಕಾರ ಕಾಡಿನ ಬಿದಿರನ್ನು ಪುಡಿಗಾಸಿಗೆ ಕೊಟ್ಟಿತು; ಪುಕ್ಕಟೆ ಸಿಕ್ಕಿದ್ದು ಎಷ್ಟು ದಿನ ಉಳಿದೀತು? ಬಿದಿರು ಕರಗಿತು, ಕಾರ್ಖಾನೆಗಳಿಗೆ ಬೇರೆ ಮರ ಬೇಕಾಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ನೀಲಗಿರಿಯನ್ನು ರೈತರ ಹೊಲಕ್ಕೇ ತಂದಿತು. ಮರ ಕಾಗದಕ್ಕೂ ಹೋಯಿತು, ಹರಿಹರದ ರೇಯಾನ್ ತಿರುಳಿಗೂ ಹೋಯಿತು, ಕಟ್ಟಡದ ಸಾರುವೆಗೂ ಹೋಯಿತು.

ನಮ್ಮ ಕಾಗದ ಅಗ್ಗವಾಗಿದ್ದುದು ಅದಕ್ಕಾಗಿ ನೀಲಗಿರಿ ಹೀರಿದ ನೀರಿನ ಖರ್ಚನ್ನು ಯಾರೂ ಬರೆದಿಡದಿದ್ದುದರಿಂದ ಎಂಬುದು ನನ್ನ ವಾದ. ಅಂತರ್ಜಲ ಬತ್ತಿಸಿದ್ದು ಬೋರ್‌ವೆಲ್, ಮರವನ್ನೇಕೆ ಬೈಯುತ್ತೀರಿ ಎನ್ನುವವರಿದ್ದಾರೆ. ಮರವೊಂದೇ ಅಪರಾಧಿಯಲ್ಲ, ನಿಜ. ರೈತರನ್ನೂ ದೂರುವಂತಿಲ್ಲ: ಆಳು ಸಿಗದ ಕಡೆ, ದನ ಬಾಯಿ ಹಾಕದ, ಕಡಿದರೂ ಚಿಗುರುವ ಬೆಳೆ ಇನ್ಯಾವುದಿತ್ತು? ಆದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಈ ತಾಲ್ಲೂಕುಗಳಲ್ಲಿ ಬಿದ್ದ ಮಳೆ ಆಳಕ್ಕಿಳಿಯುವ ಮೊದಲೇ ಬೇರು ಹೀರಿದರೆ ಕೆರೆಬಾವಿಗೆ ಉಳಿಯುವುದೇನು? 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನಾಟಿ ನಿಷೇಧಿಸಿತು. ಅಷ್ಟರೊಳಗೆ, ನಷ್ಟದ ಹೊರೆಯಲ್ಲಿ, ಭದ್ರಾವತಿಯ ಯಂತ್ರಗಳೂ ನಿಂತಿದ್ದವು.

ರದ್ದಿಯಿಂದಲೇ ಕಾಗದ ಮಾಡಬಹುದಲ್ಲ? ದೇಶದ ಬಹುಪಾಲು ಕಾಗದ ಈಗ ಹಾಗೇ ಆಗುತ್ತಿದೆ. ಆದರೆ ಮರುಬಳಕೆಯ ಪ್ರತಿ ಸುತ್ತಿಗೂ ನಾರು ಗಿಡ್ಡವಾಗುತ್ತದೆ, ಹೊಸ ತಿರುಳು ಬೆರೆಸಲೇಬೇಕು. ಆ ತಿರುಳಿನ ಮರವನ್ನು ಕಾರ್ಖಾನೆಗಳು ಮಳೆ ಹೆಚ್ಚಿರುವ ಕಡೆ ಬೆಳೆಸಿ, ಬೆಳೆದವರಿಗೆ ನೀರಿನ ಬೆಲೆಯನ್ನೂ ಸೇರಿಸಿ ಕೊಡಲಿ. ನೋಟ್‌ಬುಕ್ಕಿಗೆ ಎರಡು ರೂಪಾಯಿ ಹೆಚ್ಚಾದರೂ ಸರಿಯೇ.