ಅಕ್ಷರ ಒಡೆದದ್ದು ಯಂತ್ರವೋ, ಫೈಲೋ? ಹಲಗೆ ದುಡ್ಡು ಯಾರ ತಲೆಗೆ?

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜಗಳ. ಜನ ಸೇರಿದ್ದರು. ಈ ಬರಹಗಾರನೂ ಹತ್ತಬೇಕಾಗಿದ್ದ ಬಸ್ಸು ಬಿಟ್ಟು ಇಣುಕಿದ. ನೋಡಿದರೆ ಅದು ಹಲಗೆ ಕೊರೆಯುವ ಸಿಎನ್‌ಸಿ ರೌಟರ್ ಅಂಗಡಿ. ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿದ ದೊಡ್ಡ ಅಕ್ಷರಗಳು ನೆಲದ ಮೇಲಿವೆ. ‘ವಸ್ತ್ರಾಲಯ’ ಎಂದಿರಬೇಕು. ‘ವ’ ಇದೆ, ‘ಲ’ ಇದೆ, ‘ಯ’ ಇದೆ. ‘ಸ್ತ್ರಾ’ ಮಾತ್ರ ಮೂರು ತುಂಡಾಗಿ ಬಿದ್ದಿದೆ!

‘ಶುಕ್ರವಾರ ಅಂಗಡಿ ಪೂಜೆ ಇಟ್ಕೊಂಡಿದೀನಿ. ಬೋರ್ಡಿಲ್ದೆ ಬಾಗಿಲು ತೆಗೀಲೇನಯ್ಯಾ? ಹಲಗೆ ದುಡ್ಡು ಯಾರು ಕೊಡ್ತಾರೆ?’ ಇದು ಬಟ್ಟೆ ಅಂಗಡಿ ಯಜಮಾನರ ಕೂಗು.

‘ಫೈಲಲ್ಲಿ ಇದ್ದಂಗೆ ಮಿಷನ್ ಕೊರೀತದೆ ಸಾವ್ಕಾರ್ರೇ, ನಾನೇನ್ ಮಾಡ್ಲಿ?’ ಎಂದ ಕಟಿಂಗ್ ಅಂಗಡಿಯ ಹುಡುಗ.

ಡಿಟಿಪಿ ಅಂಗಡಿಯವನು ಫೋನಿನಲ್ಲಿ, ‘ನಮ್ಮ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ ಸಾರ್’ ಎಂದ.

ಮೂವರೂ ನಿಜವನ್ನೇ ಹೇಳುತ್ತಿದ್ದರು. ಸೋಜಿಗ ಇರುವುದೇ ಅಲ್ಲಿ.

ಯಂತ್ರಕ್ಕೆ ಅಕ್ಷರ ಬಾರದು

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ತಿಳಿಯುವಂತೆ ಆ ಹುಡುಗನೇ ಬಿಡಿಸಿ ಹೇಳಿದ. ರೌಟರಿಗೆ ಅಕ್ಷರ, ಹೂವು, ದೇವರು ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಗೆರೆ ಒಂದೇ. ಆ ಗೆರೆಯ ಮೇಲೆ ಬಿಟ್ಟು ಎಲ್ಲಿ ಇಳಿಯಬೇಕು, ಹೇಗೆ ಸುತ್ತಬೇಕು ಎಂದು ಇನ್ನೊಂದು ಸಾಫ್ಟ್‌ವೇರ್ ದಾರಿ ಹಾಕುತ್ತದೆ. ಅದಕ್ಕೆ ಟೂಲ್‌ಪಾತ್ ಎನ್ನುತ್ತಾರೆ. ಚಿತ್ರ ಬರೆಯುವ ಸಾಫ್ಟ್‌ವೇರಿನಿಂದ ದಾರಿ ಹಾಕುವ ಸಾಫ್ಟ್‌ವೇರಿಗೆ ಗೆರೆಗಳನ್ನು ದಾಟಿಸುವ ದೋಣಿಯೇ ಡಿಎಕ್ಸ್‌ಎಫ್ ಫೈಲು. 1982ರಲ್ಲಿ ಆಟೋಕ್ಯಾಡ್ ಜೊತೆಗೇ ಬಂದದ್ದು. ಈ ದೋಣಿಯಲ್ಲೇ ಎಡವಟ್ಟಾಗುವುದು.

ನಾಲ್ಕು ಗಂಟುಗಳು

ಒಂದು, ಫೈಲೇ ತೆರೆಯುವುದಿಲ್ಲ. ಆಟೋಕ್ಯಾಡ್ ಫೈಲಿನ ರೂಪ ಹಲವು ಸಲ ಬದಲಾಗಿದೆ. 2018ರ ರೂಪದಲ್ಲಿ ಉಳಿಸಿದ್ದನ್ನು ಅದಕ್ಕಿಂತ ಹಳೆಯ ಸಾಫ್ಟ್‌ವೇರ್ ಮುಟ್ಟುವುದೇ ಇಲ್ಲ. ಕಟಿಂಗ್ ಅಂಗಡಿಗಳಲ್ಲಿ ಮನೆಮಾತಾದ ಆರ್ಟ್‌ಕ್ಯಾಮ್ ಮಾರಾಟವೇ 2018ರಲ್ಲಿ ನಿಂತಿತು. ಹಳೆಯದನ್ನೇ ಓಡಿಸುವವರು ಇದ್ದಾರೆ. ಮದ್ದು ಸುಲಭ: 1992ರ ‘ಆರ್-12’ ರೂಪದ ಡಿಎಕ್ಸ್‌ಎಫ್ ಕೇಳಿ ಪಡೆಯುವುದು. ಒಂದು ಎಚ್ಚರ ಬೇಕು. ಅದರಲ್ಲಿ ನುಣುಪು ಬಳುಕು ಗೆರೆಗೆ ಜಾಗವಿಲ್ಲ, ಬಳುಕು ಚಿಕ್ಕ ಚಿಕ್ಕ ನೇರ ತುಂಡುಗಳಾಗುತ್ತದೆ. ತುಂಡು ದೊಡ್ಡದಾದರೆ ಸೊನ್ನೆಗೂ ಮೂಲೆ ಬರುತ್ತದೆ!

ಎರಡು, ಅಳತೆ. ಹಳೆಯ ಡಿಎಕ್ಸ್‌ಎಫ್‌ನಲ್ಲಿ ಬರೀ ಅಂಕಿ ಇರುತ್ತದೆ. ಇಂಚೋ ಮಿಲಿಮೀಟರೋ ಬರೆದಿರುವುದಿಲ್ಲ. ಒಂದು ಇಂಚೆಂದರೆ 25.4 ಮಿ.ಮೀ. 600 ಮಿ.ಮೀ. ಬೋರ್ಡನ್ನು ಇಂಚೆಂದು ಓದಿದರೆ 50 ಅಡಿ ಆಗುತ್ತದೆ. ಹಲಗೆ ಇರುವುದೇ 8 ಅಡಿ! ಉಲ್ಟಾ ಆದರೆ 24 ಇಂಚಿನ ಬೋರ್ಡು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಫೈಲು ತೆರೆದ ಕೂಡಲೇ ಗೊತ್ತಿರುವ ಒಂದು ಉದ್ದ ಅಳೆದು ನೋಡಬೇಕು.

ಮೂರು, ನಮ್ಮ ಕನ್ನಡ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದರ ಹಿಂದೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಊರಿನ ಹೆಸರೂ ಮಂತ್ರವಾದಿಯ ಚೀಟಿಯಂತೆ ಕಾಣುತ್ತದೆ. ಕಳಿಸುವ ಮುಂಚೆಯೇ ಅಕ್ಷರವನ್ನು ‘ಕರ್ವ್ಸ್’ ಮಾಡಿದರೆ, ಅಂದರೆ ಬರೀ ಗೆರೆಯಾಗಿಸಿದರೆ, ಫಾಂಟಿನ ಹಂಗಿಲ್ಲ.

ನಾಲ್ಕನೆಯದೇ ಮೊನ್ನೆಯ ಕಳ್ಳ. ಕರ್ವ್ಸ್ ಮಾಡಿದರೂ ‘ಸಾ’, ಅದರ ತ-ಒತ್ತು, ರ-ಒತ್ತು ಬೇರೆ ಬೇರೆ ಸುತ್ತುಗಳಾಗಿ ಒಂದರ ಮೇಲೊಂದು ಕೂತಿದ್ದವು. ಕಪ್ಪು ಬಣ್ಣ ತುಂಬಿದ್ದರಿಂದ ಪರದೆಯ ಮೇಲೆ ಒಂದೇ ಅಕ್ಷರದಂತೆ ಕಂಡವು. ಯಂತ್ರ ಮೂರನ್ನೂ ಬೇರೆ ಬೇರೆ ಸುತ್ತಿತು, ಅಡ್ಡ ಬಂದ ಮೈಯನ್ನು ಸೀಳಿತು. ಕೋರೆಲ್‌ನಲ್ಲಿ ‘ವೆಲ್ಡ್’ ಎಂಬ ಒಂದು ಗುಂಡಿ ಒತ್ತಿದ್ದರೆ ಮೂರೂ ಬೆಸೆದುಕೊಳ್ಳುತ್ತಿದ್ದವು. ಬಣ್ಣ ತೆಗೆದು ಬರೀ ಗೆರೆ ನೋಡಿದ್ದರೆ ಕಳ್ಳ ಆಗಲೇ ಸಿಕ್ಕುತ್ತಿದ್ದ. ಕೂಡದ ಗೆರೆಗಳೂ ಹೀಗೆಯೇ ಕಾಣುತ್ತವೆ.

ಇನ್ನು ವಾಟ್ಸಾಪಿನಲ್ಲಿ ಬಂದ ಫೋಟೋ ತೋರಿಸಿ ‘ಇದೇ ಡಿಸೈನ್ ಕೊರಿ’ ಎನ್ನುವ ಗಿರಾಕಿಗಳಿಗೆ ಒಂದು ಮಾತು. ಫೋಟೋದಲ್ಲಿರುವುದು ಚುಕ್ಕೆ, ಗೆರೆಯಲ್ಲ. ಯಾರಾದರೂ ಕೂತು ಗೆರೆ ಎಳೆಯಲೇಬೇಕು, ಆ ಕೂಲಿ ಬೇರೆ.

ಕೊನೆಗೆ ಆದದ್ದೇನು?

ಡಿಟಿಪಿಯವನು ಬೈಕು ಹತ್ತಿ ಬಂದ. ಅಕ್ಷರ ಬೆಸೆದ. ಬಿಟ್ಟು ಓಡುವ ದಾರಿಯನ್ನು ಈ ಸಲ ಯಜಮಾನರಿಗೇ ಪರದೆಯ ಮೇಲೆ ತೋರಿಸಿದರು. ರಾತ್ರಿ ಎಂಟೂವರೆಗೆ ‘ಸ್ತ್ರಾ’ ಇಡಿಯಾಗಿ ಎದ್ದು ಬಂತು. ಹಾಳಾದ ಹಲಗೆಯ ದುಡ್ಡು ಗೊಣಗಾಟದೊಂದಿಗೆ ಮೂರು ಪಾಲಾಯಿತು.

ನಾಳೆ ನೀವೂ ಬೋರ್ಡು ಮಾಡಿಸಬಹುದು, ಮನೆಗೆ ಬಾಗಿಲು ಕೊರೆಸಬಹುದು. ಅಡ್ವಾನ್ಸ್ ಕೊಡುವ ಮುಂಚೆ ಅಳತೆಯನ್ನು ಚೀಟಿಯಲ್ಲಿ ಬರೆಸಿ. ಬಿಟ್ಟಿನ ದಾರಿ ಪರದೆಯ ಮೇಲೆ ನೋಡಿ, ಆಮೇಲೆ ‘ಹೂಂ’ ಅನ್ನಿ. ಕೆಟ್ಟರೆ ಹಲಗೆ ಯಾರದ್ದು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಚೀಟಿಗೆ ಖರ್ಚಿಲ್ಲ ಸ್ವಾಮಿ, ಹಲಗೆಗಿದೆ.