ಥಾಯ್ಲೆಂಡ್‌ಗೆ ಹೋಗಿ ರಿಟೈರ್ ಆಗೋದಾ? ದೊಡ್ಡಪ್ಪನ ಲೆಕ್ಕ, ಆನೆಗೊಂದಿ ಅಜ್ಜಿಯ ಲೆಕ್ಕ

ಹೊಸಪೇಟೆಯಿಂದ ಮತ್ತೆ ನಾನು. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡೋ, ಹಂಪಿ ಎಕ್ಸ್‌ಪ್ರೆಸ್‌ನ ಅಪ್ಪರ್ ಬರ್ತ್‌ನಲ್ಲಿ ಮಲಗಿಯೋ ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ. ಕೇಳೋಕೆ ಪುರುಸೊತ್ತಿಲ್ಲ, ಓದ್ತೀನಿ ಅನ್ನೋರಿಗೆ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಈ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ಫಾರ್ವರ್ಡ್‌ನಿಂದ. ಕಳಿಸಿದ್ದು ನಮ್ಮ ದೊಡ್ಡಪ್ಪ. ತೋರಣಗಲ್ಲು ಕಡೆ ಒಂದು ಕಾರ್ಖಾನೆಯಲ್ಲಿ 26 ವರ್ಷ ಮೆಂಟೆನೆನ್ಸ್ ಕೆಲಸ ಮಾಡಿ, 58 ತುಂಬಿ ರಿಟೈರ್ ಆದವರು. ವಿಡಿಯೊದಲ್ಲಿ ಸಮುದ್ರದ ದಂಡೆ, ಎಳನೀರು, ನಗ್ತಾ ಕೂತಿರೋ ಬಿಳಿಗೂದಲಿನ ದಂಪತಿ. ಶಾಂತವಾದ, ಅಗ್ಗದ ದೇಶಕ್ಕೆ ಹೋಗಿ ನೆಲೆಸಿ, ರಾಜನ ಹಾಗೆ ಬದುಕಿ ಅನ್ನೋದು ಅದರ ಸಾರಾಂಶ. ಹತ್ತು ನಿಮಿಷಕ್ಕೆ ಫೋನೂ ಬಂತು.

“ನೀ ಬಿ.ಕಾಂ. ಓದೀಯಲ್ಲಪ್ಪಾ, ಲೆಕ್ಕ ಹಾಕಿ ಹೇಳು. ನಾನು, ನಿಮ್ಮ ದೊಡ್ಡಮ್ಮ ಥಾಯ್ಲೆಂಡಿಗೆ ಹೋಗಿ ಇರಾಕೆ ಆಗ್ತೈತೇನು?”

ನಾನು ನಕ್ಕುಬಿಟ್ಟೆ. ಆ ಕಡೆಯಿಂದ ನಗು ಬರಲಿಲ್ಲ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಮನೆಯಲ್ಲಿ ಇಬ್ಬರೇ. ಪಿಎಫ್, ಗ್ರಾಚುಟಿ ಸೇರಿ 30 ಲಕ್ಷದಷ್ಟು ದುಡ್ಡು ಅಕೌಂಟಿಗೆ ಬಂದಿದೆ. ಜೀವಮಾನದಲ್ಲಿ ಇಷ್ಟು ದುಡ್ಡು ಒಟ್ಟಿಗೆ ನೋಡಿದ್ದು ಇದೇ ಮೊದಲು, ಇನ್ನೊಮ್ಮೆ ಬರೋದೂ ಇಲ್ಲ. ಹಾಗಾಗಿ ಒಂದು ವಾರ ಕೂತು ನಿಜವಾಗಿಯೇ ಲೆಕ್ಕ ಹಾಕಿದೆ.

ದೊಡ್ಡಪ್ಪನ ಆದಾಯ ಎಷ್ಟು?

ಮೊದಲು ಪಿಂಚಣಿ. ಖಾಸಗಿ ಕಂಪನಿಯವರಿಗೆ ಸಿಗೋದು ಇಪಿಎಸ್-95, ಅಂದ್ರೆ ನೌಕರರ ಪಿಂಚಣಿ ಯೋಜನೆ. ಸೂತ್ರ ಸರಳ: ಪಿಂಚಣಿಗೆ ಹಿಡಿಯೋ ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಕೊಕ್ಕೆ ಇರೋದು ‘ಪಿಂಚಣಿಗೆ ಹಿಡಿಯೋ ಸಂಬಳ’ದಲ್ಲಿ. ನಿಮಗೆ 60 ಸಾವಿರ ಸಂಬಳ ಇದ್ದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದು 15,000 ಮಾತ್ರ. 35 ವರ್ಷ ದುಡಿದರೂ 15,000 × 35 ÷ 70, ಅಂದ್ರೆ ತಿಂಗಳಿಗೆ 7,500 ರೂಪಾಯಿ. 2014ರ ಸೆಪ್ಟೆಂಬರ್‌ಗೆ ಮುಂಚೆ ಈ ಮಿತಿ 6,500 ಇತ್ತು; ಆ ಕಾಲದ ಸೇವೆಗೆ ಹಳೇ ಮಿತಿಯಲ್ಲೇ ಲೆಕ್ಕ. ಎಲ್ಲಾ ಕೂಡಿಸಿ ದೊಡ್ಡಪ್ಪನಿಗೆ ಬರೋದು ನಾಲ್ಕು ಸಾವಿರದ ಆಸುಪಾಸು.

ಇನ್ನು ಆ 30 ಲಕ್ಷ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದಾದ ಗರಿಷ್ಠ ಮೊತ್ತವೂ 30 ಲಕ್ಷವೇ. ಸಾಮಾನ್ಯವಾಗಿ ಇದು 60 ದಾಟಿದವರಿಗೆ, ಆದರೆ 55 ದಾಟಿ ರಿಟೈರ್ ಆದವರು ದುಡ್ಡು ಕೈಗೆ ಬಂದ ಗಡುವಿನೊಳಗೆ ಇಡಬಹುದು. ಶೇ 8.2 ಬಡ್ಡಿ ಹಿಡಿದರೆ ವರ್ಷಕ್ಕೆ 2,46,000. ತಿಂಗಳಿಗೆ 20,500.

ಒಟ್ಟು ತಿಂಗಳಿಗೆ 24,500. ಸ್ವಂತ ಮನೆ ಇದ್ದರೆ ಹೊಸಪೇಟೆಯಲ್ಲಿ ಇಬ್ಬರು ಮರ್ಯಾದೆಯಿಂದ ಬದುಕಬಹುದು. ಥಾಯ್ಲೆಂಡ್‌ನಲ್ಲಿ?

ಬಾಗಿಲಲ್ಲೇ ಕೇಳೋ ದುಡ್ಡು

ಥಾಯ್ಲೆಂಡ್‌ನಲ್ಲಿ ನಿವೃತ್ತರಿಗೇ ಅಂತ ವೀಸಾ ಇದೆ, ಅದು ನಿಜ. 50 ವರ್ಷ ದಾಟಿರಬೇಕು. ಅಲ್ಲಿನ ಬ್ಯಾಂಕಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಅಂತ ಕಡಿಮೆಯೇ ಹಿಡಿಯೋಣ. ಠೇವಣಿ 20 ಲಕ್ಷ ರೂಪಾಯಿ. ಆದಾಯದ ದಾರಿಯಾದರೆ ತಿಂಗಳಿಗೆ 1,62,500. ದೊಡ್ಡಪ್ಪನದು 24,500. ಎರಡನೇ ದಾರಿ ಅಲ್ಲೇ ಮುಚ್ಚಿತು. ಮೊದಲ ದಾರಿ ಹಿಡಿದರೆ 30 ಲಕ್ಷದಲ್ಲಿ 20 ಲಕ್ಷ ಬೇರೆ ದೇಶದ ಬ್ಯಾಂಕಲ್ಲಿ ಕೂತಿರುತ್ತೆ. ಉಳಿದ 10 ಲಕ್ಷದ ಬಡ್ಡಿಯಲ್ಲಿ ಇಬ್ಬರು ಬದುಕಬೇಕು.

ದುಡ್ಡು ಕಳಿಸೋದಕ್ಕೂ ನಿಯಮ ಇದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನೋ ವ್ಯವಸ್ಥೆಯಲ್ಲಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಇಂಥ ಉದ್ದೇಶಕ್ಕೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ ಹಿಡಿಯುತ್ತೆ. 20 ಲಕ್ಷ ಕಳಿಸಿದರೆ 2 ಲಕ್ಷ ಟಿಸಿಎಸ್. ರಿಟರ್ನ್ ಫೈಲ್ ಮಾಡಿದಾಗ ವಾಪಸ್ ಪಡೆಯಬಹುದು, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿ ಇರಲ್ಲ.

ಮಲೇಷ್ಯಾದ ‘ಮೈ ಸೆಕೆಂಡ್ ಹೋಮ್’ ಯೋಜನೆಯೂ ರೀಲ್ಸ್‌ನಲ್ಲಿ ತುಂಬಾ ಓಡ್ತಾ ಇದೆ. 2024ರ ನಿಯಮದಲ್ಲಿ ಸಿಲ್ವರ್ ದರ್ಜೆಗೆ ಒಂದೂವರೆ ಲಕ್ಷ ಡಾಲರ್ ಠೇವಣಿ. ಡಾಲರ್‌ಗೆ 90 ಹಿಡಿದರೆ 1 ಕೋಟಿ 35 ಲಕ್ಷ. ಮೇಲೆ ಅಲ್ಲಿ ಮನೆಯನ್ನೂ ಕೊಳ್ಳಬೇಕು.

“ಭೂತಾನ್ ಹತ್ರ ಐತಲ್ಲ, ವೀಸಾನೂ ಬೇಡ” ಅಂದ್ರು ದೊಡ್ಡಪ್ಪ. ಹೌದು, ಭಾರತೀಯರಿಗೆ ವೀಸಾ ಬೇಡ. ಆದರೆ ಪ್ರವಾಸಿಯಾಗಿ ಹೋದರೆ ತಲೆಗೆ ದಿನಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರಿಗೆ ಒಂದು ವರ್ಷಕ್ಕೆ ಗುಣಿಸಿ ನೋಡಿ: 8,76,000. ಊಟ, ರೂಮು ಬಿಟ್ಟು.

ಅದೇ ಲೆಕ್ಕ, ಹೊಳೆಯ ಆ ದಂಡೆಯಲ್ಲಿ

ಹಾಗಾದರೆ ವಿಡಿಯೊ ಸುಳ್ಳಾ? ಸುಳ್ಳಲ್ಲ. ಆ ಲೆಕ್ಕ ಯಾರದ್ದು ಅನ್ನೋದು ಪ್ರಶ್ನೆ. ಅದು ನನಗೆ ಅರ್ಥವಾಗಿದ್ದು ಆನೆಗೊಂದಿಯಲ್ಲಿ.

ಪ್ರತಿ ನವೆಂಬರ್‌ಗೆ ಬಂದು ಫೆಬ್ರವರಿ ಕೊನೆಗೆ ಹೋಗೋ ಒಬ್ಬ ಬ್ರಿಟಿಷ್ ಅಜ್ಜಿ ಅಲ್ಲಿ ನನಗೆ ಪರಿಚಯ. ರಿಟೈರ್ಡ್ ಟೀಚರ್. ಒಂದು ಮನೆಯ ಮಾಳಿಗೆ ಮೇಲೆ ಬಾಡಿಗೆಗೆ ಇರ್ತಾರೆ, ಬೆಳಗ್ಗೆ ಮನೆಯವರ ಜೊತೆ ಮಂಡಕ್ಕಿ ಒಗ್ಗರಣೆ ತಿಂತಾರೆ, ಸಂಜೆ ಹೊಳೆ ಕಡೆ ನಡೀತಾರೆ. 2025–26ರಲ್ಲಿ ಬ್ರಿಟನ್ನಿನ ಪೂರ್ಣ ಸರ್ಕಾರಿ ಪಿಂಚಣಿ ವಾರಕ್ಕೆ 230.25 ಪೌಂಡ್. ಪೌಂಡಿಗೆ 110 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಒಂದು ಲಕ್ಷ ದಾಟುತ್ತೆ. ಲಂಡನ್ನಿನಲ್ಲಿ ಅದು ಬಾಡಿಗೆಗೂ ಸಾಲಲ್ಲ. ಆನೆಗೊಂದಿಯಲ್ಲಿ ಅದು ಸಿರಿತನ.

ಆನೆಗೊಂದಿ ತಾನಾಗಿ ಅಗ್ಗದ ಊರಲ್ಲ. ಅಲ್ಲೇ ಬಾಳೆ ತೋಟದಲ್ಲಿ ಕೂಲಿ ಮಾಡೋ ಹೆಂಗಸಿಗೆ ಅದು ದುಬಾರಿ ಊರೇ. ಪೌಂಡಲ್ಲಿ ಆದಾಯ ಬಂದು ರೂಪಾಯಲ್ಲಿ ಖರ್ಚಾದಾಗ ಮಾತ್ರ ಅಗ್ಗ. ಇನ್ನೂ ಒಂದು ವಿಷಯ: 2005ರಲ್ಲಿ ಒಂದು ಡಾಲರ್‌ಗೆ 44 ರೂಪಾಯಿ ಆಸುಪಾಸು ಇತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಡಾಲರ್ ಪಿಂಚಣಿ ತಗೊಂಡು ಇಲ್ಲಿ ಇರೋರಿಗೆ ಇದರಿಂದ ಲಾಭ. ರೂಪಾಯಿ ಬಡ್ಡಿ ತಗೊಂಡು ಹೊರಗೆ ಇರೋರಿಗೆ ಇಲ್ಲಿ ಕೂಡಿಟ್ಟ ದುಡ್ಡು ಅಲ್ಲಿ ಕರಗ್ತಾ ಹೋಗುತ್ತೆ. ದೊಡ್ಡಪ್ಪನದು ಎರಡನೇ ಗುಂಪು.

ಹಾಗಾದರೆ ಅಜ್ಜಿ ಇಲ್ಲೇ ಯಾಕೆ ಇರಲ್ಲ?

ಕೇಳಿದೆ. ಅವರು ಹೇಳಿದ್ದನ್ನ ಆಮೇಲೆ ನಾನೂ ಪರಿಶೀಲಿಸಿದೆ. ಮೂರು ತಡೆ ಇವೆ.

ಒಂದು, ವೀಸಾ. ಭಾರತದಲ್ಲಿ ನಿವೃತ್ತರಿಗೆ ಅಂತ ವೀಸಾನೇ ಇಲ್ಲ. ಇ-ಟೂರಿಸ್ಟ್ ವೀಸಾದಲ್ಲಿ ಬ್ರಿಟಿಷರು ಒಮ್ಮೆಗೆ ಹೆಚ್ಚೆಂದರೆ 180 ದಿನ ಇರಬಹುದು.

ಎರಡು, ಮನೆ. ಭಾರತೀಯ ಮೂಲದವರಲ್ಲದ ವಿದೇಶಿ ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಮನೆ, ಸೈಟು ಕೊಳ್ಳೋ ಹಾಗಿಲ್ಲ. ಐದು ವರ್ಷ ಮೀರದ ಬಾಡಿಗೆ ಕರಾರು ಮಾಡಿಕೊಳ್ಳಬಹುದು, ಅಷ್ಟೇ.

ಮೂರು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಬ್ರಿಟನ್ನಿನ ಪಿಂಚಣಿ ಪ್ರತಿ ಏಪ್ರಿಲ್‌ಗೆ ಏರುತ್ತೆ. 2025ರಲ್ಲಿ ಶೇ 4.1 ಏರಿತು. ಆದರೆ ಭಾರತದಲ್ಲಿ ಕಾಯಂ ನೆಲೆಸಿದವರಿಗೆ ಈ ಏರಿಕೆ ಇಲ್ಲ. ಬಂದ ದಿನದ ಮೊತ್ತದಲ್ಲೇ ನಿಂತುಬಿಡುತ್ತೆ. ಅರವತ್ತೇಳಕ್ಕೆ ಬಂದವರಿಗೆ ಎಂಬತ್ತೇಳಕ್ಕೂ ಅದೇ ದುಡ್ಡು.

ಇದರ ಜೊತೆ ಇನ್ನೊಂದು ಪಾಠ ನಮ್ಮ ಕಣ್ಣೆದುರೇ ಇದೆ. ವಿರೂಪಾಕ್ಷ ದೇವಸ್ಥಾನದಿಂದ ಹೊಳೆ ದಾಟಿದರೆ ವಿರೂಪಾಪುರ ಗಡ್ಡಿ. ವಿದೇಶಿಯರು ತಿಂಗಳುಗಟ್ಟಲೆ ಇರ್ತಾ ಇದ್ದ ಜಾಗ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಪ್ರದೇಶದಲ್ಲಿ ಅಲ್ಲಿನ ರೆಸಾರ್ಟ್‌ಗಳು ಅಕ್ರಮ ಅನ್ನೋ ಹೈಕೋರ್ಟ್ ಆದೇಶವನ್ನ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಅದಕ್ಕೂ ಮುಂಚೆ, 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆ ಎತ್ತಿಸಿದ್ದರು. ಅತಿಥಿಗಳು ಬ್ಯಾಗ್ ಎತ್ಕೊಂಡು ಬೇರೆ ಕಡೆ ಹೋದರು. ಊರಿನವರಿಗೆ ಆ ಅನುಕೂಲ ಇರಲಿಲ್ಲ. ಇರೋ ಹಕ್ಕು ಯಾವ ಕಾಗದದ ಮೇಲೆ ನಿಂತಿದೆ ಅಂತ ಎಲ್ಲಿ ಹೋದರೂ ಮೊದಲು ಕೇಳಬೇಕು ಅನ್ನೋದು ಇದಕ್ಕೇ.

‘ಶಾಂತ’ ಅನ್ನೋ ಪದದ ಬಗ್ಗೆಯೂ ಒಂದು ಮಾತು. 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ಆಯ್ತು, ಒಬ್ಬ ಯುವಕ ಸತ್ತ. ನಮ್ಮ ಊರನ್ನ ನಾವು ಎಷ್ಟೇ ಪ್ರೀತಿಸಿದರೂ ಅದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ. ನಮ್ಮ ಊರಿನ ವಿಡಿಯೊದಲ್ಲಿ ಇದು ಕಾಣಲ್ಲ. ಥಾಯ್ಲೆಂಡ್ ವಿಡಿಯೊದಲ್ಲೂ ಅಲ್ಲಿನ ಇಂಥದ್ದು ಕಾಣಲ್ಲ.

ಲೆಕ್ಕ ಕೂಡೋದು ಯಾರಿಗೆ?

ನಿಜವಾಗಿ ಎರಡೂ ಕಡೆ ಅನುಕೂಲ ಇರೋದು ಹೊರಗೆ ದುಡಿದು ವಾಪಸ್ ಬರೋ ನಮ್ಮವರಿಗೆ. 2005ರಲ್ಲಿ ಬಂದ ಒಸಿಐ ಕಾರ್ಡ್ ಇದ್ದರೆ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಇಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು, ಮನೆ ಕೊಳ್ಳಬಹುದು. ಡಾಲರ್ ಪಿಂಚಣಿ, ರೂಪಾಯಿ ಖರ್ಚು, ಜೊತೆಗೆ ಕಾಯಂ ಇರೋ ಹಕ್ಕು. ಆದರೆ ಮತದಾನ ಇಲ್ಲ. ಕೃಷಿ ಭೂಮಿ ಕೊಳ್ಳೋ ಹಾಗಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆ ಸಡಿಲಿಸಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದರು. ಆದರೂ ವಿದೇಶಿ ವಿನಿಮಯ ಕಾನೂನು ಒಸಿಐನವರನ್ನ ತಡೆಯುತ್ತೆ. ಕಂಪ್ಲಿಯಲ್ಲಿ ಅಪ್ಪನಿಂದ ಬಂದ ಗದ್ದೆ ಇಟ್ಟುಕೊಳ್ಳಬಹುದು, ಪಕ್ಕದ ಗದ್ದೆ ಕೊಳ್ಳೋಕಾಗಲ್ಲ. ಅಮೆರಿಕದಲ್ಲಿ ದುಡೀತಿರೋ ಅಣ್ಣ, ಅಕ್ಕ ಇದ್ದರೆ ಇದನ್ನೂ ಹೇಳಿ: ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು, ಮತ್ತು ಅಲ್ಲಿನ ಮೆಡಿಕೇರ್ ಇಲ್ಲಿಯ ಆಸ್ಪತ್ರೆ ಬಿಲ್ ಕಟ್ಟಲ್ಲ.

ಆಸ್ಪತ್ರೆಯ ಮಾತು ದೊಡ್ಡಪ್ಪನಿಗೂ ಬರುತ್ತೆ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದು ಭಾರತದ ಒಳಗೆ ಮಾತ್ರ. ವಿದೇಶಕ್ಕೆ ಹೋಗಿ ಎನ್‌ಆರ್‌ಐ ಆದರೆ ಬ್ಯಾಂಕ್ ಖಾತೆಯನ್ನ ಎನ್‌ಆರ್‌ಒಗೆ ಬದಲಿಸಬೇಕು; ಹಿರಿಯ ನಾಗರಿಕರ ಉಳಿತಾಯ ಖಾತೆ ಹೊಸದಾಗಿ ತೆರೆಯೋಕೂ ಆಗಲ್ಲ. ವಯಸ್ಸಾದವರಿಗೆ ಅಂತ ಇಲ್ಲಿ ಇರೋ ಒಂದೆರಡು ಆಸರೆಗಳು ಗಡಿ ದಾಟಿದರೆ ಸಿಗಲ್ಲ.

ನಮಗೆ ಉಳಿಯೋ ದಾರಿ

ರೂಪಾಯಿ ಆದಾಯದವರಿಗೆ ಈ ಉಪಾಯ ದೇಶದ ಒಳಗೇ ಇದೆ: ದೊಡ್ಡ ಊರಲ್ಲಿ ದುಡಿದು, ಸಣ್ಣ ಊರಲ್ಲಿ ನೆಲೆಸೋದು. ಬೆಂಗಳೂರಿನ ಬಾಡಿಗೆಯ ಒಂದು ಪಾಲಿನಲ್ಲಿ ಸಂಡೂರಲ್ಲೋ ಕಂಪ್ಲಿಯಲ್ಲೋ ಇಡೀ ಮನೆ ಸಿಗುತ್ತೆ. ಭಾಷೆ ನಮ್ಮದು, ವೀಸಾ ಬೇಡ. ಇಲ್ಲೂ ಕಣ್ಣು ಬಿಟ್ಟು ನೋಡಬೇಕು. ಮಳೆಗಾಲದಲ್ಲಿ ಸಂಡೂರಿನ ಗುಡ್ಡ ಹಸಿರು. ರಸ್ತೆಯಲ್ಲಿ ಅದಿರು ಲಾರಿಗಳ ಕೆಂಪು ಧೂಳು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಕಡೆ ದಾರಿ ಬಂದ್. ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತಿದ್ದದ್ದೇ. ದೊಡ್ಡ ಕಾಯಿಲೆಗೆ ಬಳ್ಳಾರಿಗೋ ಬೆಂಗಳೂರಿಗೋ ಹೋಗಬೇಕು.

ಮನೆಯಲ್ಲಿ ಯಾರಾದರೂ ಇಂಥ ಪ್ಲಾನ್ ಹೇಳಿದರೆ ನಾಲ್ಕು ಪ್ರಶ್ನೆ ಕೇಳಿ. ಆದಾಯ ಯಾವ ಕರೆನ್ಸಿಯಲ್ಲಿ, ಅದು ವರ್ಷವರ್ಷ ಏರುತ್ತಾ? ಇರೋ ಹಕ್ಕಿನ ಕಾಗದ ಯಾವುದು, ಎಷ್ಟು ದಿನಕ್ಕೆ? ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಯಾರು ಕರ್ಕೊಂಡು ಹೋಗ್ತಾರೆ, ಬಿಲ್ ಯಾರು ಕಟ್ತಾರೆ? ಇಬ್ಬರಲ್ಲಿ ಒಬ್ಬರು ಹೋದಮೇಲೆ ಉಳಿದವರು ಅಲ್ಲಿ ಒಬ್ಬರೇ ಇರಬಲ್ಲರಾ?

ಇದನ್ನೆಲ್ಲ ಕಾಗದದ ಮೇಲೆ ಬರೆದು ದೊಡ್ಡಪ್ಪನ ಮುಂದೆ ಇಟ್ಟೆ. ಮೂರು ಪ್ರಶ್ನೆಗೆ ತಲೆ ಆಡಿಸಿದರು. ನಾಲ್ಕನೆಯದಕ್ಕೆ ದೊಡ್ಡಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು: “ಇಲ್ಲೇ ಇಬ್ಬರೇ ಕುಂತು ಬ್ಯಾಸರ ಆಗೈತಿ ಅಂತ ಅಲ್ಲಿಗೆ ಹೋಗಾಕೆ ಹೊಂಟಾರ. ಅಲ್ಲಿ ಹೋದ್ರೂ ಇಬ್ಬರೇ ಅಲ್ಲೇನು?”

ಆಗ ನನಗೆ ಹೊಳೆದಿದ್ದು, ದೊಡ್ಡಪ್ಪ ಕೇಳಿದ್ದು ಥಾಯ್ಲೆಂಡಿನ ಲೆಕ್ಕ ಮಾತ್ರ ಅಲ್ಲ ಅಂತ. ಈಗ 30 ಲಕ್ಷ ಹಿರಿಯ ನಾಗರಿಕರ ಯೋಜನೆಯಲ್ಲಿದೆ. ಚಳಿಗಾಲದಲ್ಲಿ ಹತ್ತು ದಿನ ಥಾಯ್ಲೆಂಡ್ ಪ್ರವಾಸಕ್ಕೆ ಮಕ್ಕಳು ದುಡ್ಡು ಹಾಕ್ತಾ ಇದ್ದಾರೆ. ಭಾನುವಾರ ಸಂಜೆ ನಾನು ಅವರ ಮನೆಗೆ ಹೋಗ್ತೀನಿ. ಅದು ಈ ಸಂಚಿಕೆಯಿಂದ ನನಗೆ ಹತ್ತಿದ ಅಭ್ಯಾಸ.

ಕೊನೆಗೆ ನಿಮಗೆ ಒಂದು ಕೆಲಸ. ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು ಪಿಂಚಣಿ ಕಾಲಂ ನೋಡಿ. ಹೆಚ್ಚಿನವರಿಗೆ ತಿಂಗಳಿಗೆ 1,250 ರೂಪಾಯಿ ಕಾಣುತ್ತೆ: 15,000ದ ಶೇ 8.33. ಮೇಲೆ ಹೇಳಿದ ಸೂತ್ರ ಹಾಕಿ, ನಿಮಗೆ 58ಕ್ಕೆ ಎಷ್ಟು ಬರಬಹುದು ಅಂತ ನೀವೇ ಲೆಕ್ಕ ಮಾಡಿ. ಆ ಸಂಖ್ಯೆ ನೋಡಿದ ಮೇಲೆ ಏನನ್ನಿಸ್ತು ಅಂತ ವಾಯ್ಸ್ ನೋಟ್ ಕಳಿಸಿ. ಅದಕ್ಕೆ ಈಗಿಂದಲೇ ಏನು ಸೇರಿಸಬೇಕು ಅನ್ನೋದು ಮುಂದಿನ ಸಂಚಿಕೆಯಲ್ಲಿ. ಸಿಗೋಣ.