ಮಾಡ್ಯೂಲ್ ಸಿಗುತ್ತಿಲ್ಲವೇ? ಹೆದರಬೇಡಿ, ಹುಡುಕೋಣ

ಹಿಂದಿನ ತಿಂಗಳು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದ ಸಂಗತಿ. ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಬ್ಯಾಡಗಿ ಮಾರುಕಟ್ಟೆಯ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ ದರಗಳನ್ನು ಪತ್ರಿಕೆಯಿಂದ ಬರೆದುಕೊಂಡು, ಸರಾಸರಿ ತೆಗೆಯುವ ಪೈಥಾನ್ ಪ್ರೋಗ್ರಾಂ ಮಾಡಿದ್ದಳು. ರಾಣೆಬೆನ್ನೂರಿನ ಮಾಮು ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿ ಓಡಿತ್ತು. ಪೆನ್‌ಡ್ರೈವಿನಲ್ಲಿ ತಂದು ಇಲ್ಲಿ ಹಾಕಿದರೆ ಪರದೆ ತುಂಬ ಕೆಂಪು ಅಕ್ಷರ. ಅವಳು ಹತ್ತನೆಯ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವಳು. "ಆಪಾ, ಇದು ನಮ್ಮಂಥವರಿಗೆ ಆಗೋದಲ್ಲ. ಗಣಕ ವಿಜ್ಞಾನ ಬಿಟ್ಟು ಬೇರೆ ವಿಷಯ ತಗೋತೀನಿ" ಅಂದಳು.

ಅವಳ ಪ್ರೋಗ್ರಾಮಿನಲ್ಲಿ ಒಂದು ಲೆಕ್ಕವೂ ತಪ್ಪಿರಲಿಲ್ಲ. ಒಂದು ಮಾಡ್ಯೂಲ್ ಸಿಕ್ಕಿರಲಿಲ್ಲ, ಅಷ್ಟೇ. ಇಷ್ಟಕ್ಕೇ ಯಾರೂ ವಿಷಯ ಬಿಡಬಾರದು ಎಂದು ಈ ಲೇಖನ ಬರೆಯುತ್ತಿದ್ದೇನೆ. ಒಂದು ಸೂಚನೆ: ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಅವುಗಳ ಪಟ್ಟಿಯನ್ನು ಲ್ಯಾಬಿನ ಬಾಗಿಲ ಪಕ್ಕ ಅಂಟಿಸಿದ್ದೇನೆ.

ಮೊದಲು ಕೊನೆಯ ಸಾಲು ಓದಿ

ಕೆಂಪು ಅಕ್ಷರಗಳನ್ನು ಮೇಲಿನಿಂದ ಓದಲು ಹೋದರೆ ತಲೆ ತಿರುಗುತ್ತದೆ. ಕೆಳಗಿನಿಂದ ಓದಿ. ಕೊನೆಯ ಸಾಲಿನಲ್ಲಿ ಕಾರಣ ಇರುತ್ತದೆ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ತೊಂದರೆ ಎಂಬುದು ಇರುತ್ತದೆ. ಅವಳ ಪರದೆಯ ಕೊನೆಯ ಸಾಲು 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್' ಎಂದಿತ್ತು. ಅಂದರೆ ಪಾಂಡಾಸ್ ಎಂಬ ಹೆಸರಿನ ಮಾಡ್ಯೂಲ್ ಸಿಗಲಿಲ್ಲ. ಎನ್‌ಸಿಇಆರ್‌ಟಿಯ 12ನೇ ತರಗತಿಯ ಗಣಕ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇಂಪೋರ್ಟ್‌ಎರರ್ ಎಂಬ ಹೆಸರು ಇದೆ. ಇದು ಅದರದೇ ಒಂದು ಬಗೆ. 2016ರಲ್ಲಿ ಬಂದ ಪೈಥಾನ್ 3.6ರಿಂದ ಈ ಬೇರೆ ಹೆಸರು ಬಂತು.

ಪೈಥಾನ್ ಎಲ್ಲಿ ಹುಡುಕುತ್ತದೆ?

ಅಮ್ಮಿ ಅಡುಗೆ ಮಾಡುತ್ತಾ ತಮ್ಮನಿಗೆ ಖಾರದ ಪುಡಿ ತರಲು ಹೇಳುತ್ತಾರೆ ಎಂದುಕೊಳ್ಳಿ. ಅವನು ಮೊದಲು ಒಲೆಯ ಪಕ್ಕ ನೋಡುತ್ತಾನೆ, ಆಮೇಲೆ ಅಡುಗೆಮನೆಯ ಗೂಡಿನಲ್ಲಿ, ಆಮೇಲೆ ಅಟ್ಟದ ಮೇಲೆ. ಮೂರೂ ಕಡೆ ಇಲ್ಲದಿದ್ದರೆ ಬಂದು "ಇಲ್ಲ" ಎನ್ನುತ್ತಾನೆ. ತಾನಾಗಿ ಸಂತೆಗೆ ಹೋಗುವುದಿಲ್ಲ.

ಇಂಪೋರ್ಟ್ ಎಂದಾಗ ಪೈಥಾನ್ ಮಾಡುವುದೂ ಇದನ್ನೇ. ನಮ್ಮ ಪ್ರೋಗ್ರಾಂ ಇರುವ ಫೋಲ್ಡರ್ ಒಲೆಯ ಪಕ್ಕ. ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ಅಡುಗೆಮನೆಯ ಗೂಡು. ರ‍್ಯಾಂಡಮ್, ಸ್ಟ್ಯಾಟಿಸ್ಟಿಕ್ಸ್, ಸಿಎಸ್‌ವಿ ಮುಂತಾದವು ಅಲ್ಲಿವೆ. ಹೊರಗಿನಿಂದ ತಂದದ್ದನ್ನು ಇಡುವ ಸೈಟ್-ಪ್ಯಾಕೇಜಸ್ ಎಂಬ ಫೋಲ್ಡರ್ ಅಟ್ಟ. ಪೈಥಾನ್ ಹುಡುಕುವ ಜಾಗಗಳ ಪಟ್ಟಿ ನೋಡಬೇಕೆಂದರೆ ಸಿಸ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಸಿಸ್ ಡಾಟ್ ಪಾತ್ ಅನ್ನು ಪ್ರಿಂಟ್ ಮಾಡಿ.

ಸಂತೆಗೆ ಹೋಗಿ ಬರುವವನು ಪಿಪ್. ಪೈಪಿಐ ಎಂಬ ಇಂಟರ್ನೆಟ್ ಭಂಡಾರದಿಂದ ಪ್ಯಾಕೇಜ್ ತಂದು ಅಟ್ಟಕ್ಕೆ ಹಾಕುತ್ತಾನೆ.

ಒಂದೊಂದಾಗಿ ಪರೀಕ್ಷಿಸಿ

1. ಹೆಸರು ಸರಿ ಇದೆಯೇ? ಒಂದು ಅಕ್ಷರ ತಪ್ಪಿದರೂ ಸಿಗುವುದಿಲ್ಲ. ರ‍್ಯಾಂಡಮ್‌ನ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೂ ಪೈಥಾನಿಗೆ ಅದು ಬೇರೆ ಹೆಸರು.

2. ಫೈಲ್ ಜೊತೆಗೆ ಬಂದಿದೆಯೇ? ನೀವೇ ಬರೆದ 'ಲೆಕ್ಕ' ಎಂಬ ಫೈಲನ್ನು 'ಅಂಗಡಿ' ಎಂಬ ಫೈಲ್ ಇಂಪೋರ್ಟ್ ಮಾಡುತ್ತಿದ್ದರೆ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಪೆನ್‌ಡ್ರೈವಿಗೆ ಒಂದನ್ನೇ ಹಾಕಿಕೊಂಡು ಬರುವುದು ನಮ್ಮಲ್ಲಿ ಹೆಚ್ಚು. ನಾನೂ ಎರಡು ಸಲ ಮಾಡಿದ್ದೇನೆ.

3. ಇನ್‌ಸ್ಟಾಲ್ ಆಗಿದೆಯೇ? ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್' ಎಂದು ಹೊಡೆಯಬೇಕು. ಮೂರು ಬಾಣದ ಗುರುತಿರುವ ಪೈಥಾನ್ ಕಿಟಕಿಯೊಳಗೆ ಇದನ್ನು ಹೊಡೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ.

4. ಸಂತೆಯ ಹೆಸರು ಬೇರೆಯೇ? ನಮ್ಮ ಮನೆಯಲ್ಲಿ ಹಲ್ದಿ ಎನ್ನುತ್ತೇವೆ, ಅಂಗಡಿಯಲ್ಲಿ ಅರಿಶಿನ ಎಂದು ಕೇಳುತ್ತೇವೆ. ಪದಾರ್ಥ ಒಂದೇ. ಹಾಗೆಯೇ ಇಂಪೋರ್ಟ್ ಮಾಡುವಾಗ ಪಿಐಎಲ್ ಎಂದಿದ್ದರೆ ಪಿಪ್‌ಗೆ ಪಿಲ್ಲೋ ಎಂದು ಹೇಳಬೇಕು. ಸಿವಿ2 ಬೇಕಾದರೆ ಓಪನ್‌ಸಿವಿ-ಪೈಥಾನ್, ಎಸ್‌ಕೆಲರ್ನ್ ಬೇಕಾದರೆ ಸೈಕಿಟ್-ಲರ್ನ್. ಅಂದಾಜಿನ ಮೇಲೆ ಹೆಸರು ಹೊಡೆಯಬೇಡಿ. ಹೆಸರಾಂತ ಪ್ಯಾಕೇಜುಗಳ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕೆಟ್ಟ ಪ್ರೋಗ್ರಾಂ ಇಡುವ ವಂಚಕರೂ ಇದ್ದಾರೆ.

5. ಎರಡು ಪೈಥಾನ್ ಇವೆಯೇ? ಚಾಚಾ ಬೇರೆಯಾದ ಮೇಲೆ ಒಂದೇ ಮನೆಯಲ್ಲಿ ಎರಡು ಒಲೆ ಇರುವಂತೆ, ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರಬಹುದು. ತಂದ ಡಬ್ಬಿ ಚಾಚಿಯ ಅಡುಗೆಮನೆಗೆ ಹೋದರೆ ನಮ್ಮಲ್ಲಿ ಸಿಗುವುದಿಲ್ಲ. "ಇನ್‌ಸ್ಟಾಲ್ ಆಯಿತು ಎನ್ನುತ್ತದೆ, ಆದರೂ ಎರರ್ ಬರುತ್ತದೆ" ಎನ್ನುವವರಿಗೆ ಹಲವು ಸಲ ಇದೇ ಕಾರಣ. ಪ್ರೋಗ್ರಾಮಿನೊಳಗೆ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿದರೆ ಯಾವ ಪೈಥಾನ್ ಓಡುತ್ತಿದೆ ಎಂದು ತಿಳಿಯುತ್ತದೆ. ಪೈಥಾನ್ ಎಂಬ ಪದದ ಬದಲು ಆ ಪೂರ್ತಿ ವಿಳಾಸ ಹೊಡೆದು ಮುಂದೆ '-ಎಂ ಪಿಪ್ ಇನ್‌ಸ್ಟಾಲ್' ಎಂದರೆ ಡಬ್ಬಿ ಸರಿಯಾದ ಮನೆಗೇ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. ನಿಮ್ಮ ಫೈಲಿಗೆ ರ‍್ಯಾಂಡಮ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಎಂದು ಹೆಸರಿಡಬೇಡಿ. ಪೈಥಾನ್ ಒಲೆಯ ಪಕ್ಕದಲ್ಲೇ ಆ ಹೆಸರು ನೋಡಿ, ಗೂಡಿನಲ್ಲಿರುವ ನಿಜವಾದದ್ದನ್ನು ಬಿಟ್ಟು ನಿಮ್ಮದನ್ನೇ ಎತ್ತಿಕೊಳ್ಳುತ್ತದೆ. ಆಗ ಆಟ್ರಿಬ್ಯೂಟ್ ಎರರ್ ಬರುತ್ತದೆ.

ಇಂಟರ್ನೆಟ್ ಇಲ್ಲದಿದ್ದರೆ?

ಆ ಹುಡುಗಿಯ ತೊಂದರೆ ಮೂರನೆಯದು. ಮಾಮುವಿನ ಲ್ಯಾಪ್‌ಟಾಪಿನಲ್ಲಿ ಪಾಂಡಾಸ್ ಇತ್ತು, ಲ್ಯಾಬಿನಲ್ಲಿ ಇರಲಿಲ್ಲ. ಅಂದು ಇಂಟರ್ನೆಟ್ಟೂ ಇರಲಿಲ್ಲ. ಇಂಥ ವೇಳೆ ಎರಡು ದಾರಿಗಳಿವೆ.

ಮೊದಲನೆಯದು, ನೆಟ್ ಇರುವ ಕಂಪ್ಯೂಟರಿನಲ್ಲಿ 'ಪಿಪ್ ಡೌನ್‌ಲೋಡ್ ಪಾಂಡಾಸ್' ಎಂದು ಹೊಡೆದು, ಬಂದ ಎಲ್ಲಾ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು, ನೆಟ್ ಹುಡುಕದೆ ಆ ಫೋಲ್ಡರಿನಿಂದಲೇ ತೆಗೆದುಕೊಳ್ಳಲು ಪಿಪ್‌ಗೆ ಹೇಳುವುದು. ಎರಡೂ ಕಂಪ್ಯೂಟರುಗಳಲ್ಲಿ ಪೈಥಾನ್ ಆವೃತ್ತಿ ಮತ್ತು ಆಪರೇಟಿಂಗ್ ಸಿಸ್ಟಮ್ ಒಂದೇ ಇರಬೇಕು. ಲ್ಯಾಬಿನ ಕಂಪ್ಯೂಟರ್ ಎಲ್ಲರದು, ಆದ್ದರಿಂದ ಸರ್ ಅವರನ್ನು ಕೇಳದೆ ಏನನ್ನೂ ಹಾಕಬೇಡಿ.

ಎರಡನೆಯದು, ಆ ಪ್ಯಾಕೇಜ್ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು. ಪಾಂಡಾಸ್ ದೊಡ್ಡ ದೊಡ್ಡ ಪಟ್ಟಿಗಳಿಗೆ ಒಳ್ಳೆಯದು. 2008ರಲ್ಲಿ ವೆಸ್ ಮೆಕಿನ್ನಿ ಹಣಕಾಸಿನ ಅಂಕಿಗಳ ಕೆಲಸಕ್ಕಾಗಿ ಅದನ್ನು ಶುರು ಮಾಡಿದರು. ಪ್ಯಾನೆಲ್ ಡೇಟಾ ಎಂಬ ಅರ್ಥಶಾಸ್ತ್ರದ ಪದದಿಂದ ಆ ಹೆಸರು ಬಂದಿದೆ. ಆದರೆ ಕೆಲವು ವಾರಗಳ ಮೆಣಸಿನಕಾಯಿ ದರದ ಸರಾಸರಿಗೆ ಅದು ಬೇಡ. ಫೈಲ್ ಓದಲು ಸಿಎಸ್‌ವಿ, ಸರಾಸರಿಗೆ ಸ್ಟ್ಯಾಟಿಸ್ಟಿಕ್ಸ್‌ನ ಮೀನ್ ಸಾಕು. ಎರಡೂ ಗೂಡಿನಲ್ಲೇ ಇವೆ, ಯಾವ ಕಂಪ್ಯೂಟರಿಗೆ ಒಯ್ದರೂ ಓಡುತ್ತವೆ.

ನಾವು ಎರಡನೆಯ ದಾರಿ ಹಿಡಿದೆವು. ಏಳೆಂಟು ಸಾಲು ಬದಲಿಸಿದ ಮೇಲೆ ಕಡ್ಡಿಯ ಸರಾಸರಿ ಬೇರೆ, ಡಬ್ಬಿಯ ಸರಾಸರಿ ಬೇರೆ ಪರದೆಯ ಮೇಲೆ ಬಂದವು. ಅವಳು ಅವನ್ನು ನೋಟ್‌ಬುಕ್ಕಿನ ಲೆಕ್ಕದ ಜೊತೆ ತಾಳೆ ನೋಡಿದಳು, ಸರಿ ಇದ್ದವು. ವಿಷಯ ಬದಲಿಸುವ ಮಾತು ಮತ್ತೆ ಎತ್ತಿಲ್ಲ.

ಇಂಗ್ಲಿಷಿನ ಕೆಂಪು ಸಾಲು ನಮ್ಮನ್ನು ಬೈಯುವುದಿಲ್ಲ. ಹುಡುಕಿದೆ, ಸಿಗಲಿಲ್ಲ, ಹೆಸರು ಇದು ಎಂದು ಹೇಳುತ್ತದೆ. ಇನ್ನು ಯಾರಿಗಾದರೂ ಈ ಸಾಲು ಬಂದರೆ ಅದನ್ನು ಅಳಿಸಬೇಡಿ, ಹಾಗೆಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಊಟದ ಬಿಡುವಿನಲ್ಲಿ ನಾನು ಲ್ಯಾಬಿನ ಹತ್ತಿರವೇ ಇರುತ್ತೇನೆ. ಇನ್‌ಶಾ ಅಲ್ಲಾಹ್, ಕೂಡಿ ಹುಡುಕೋಣ.